ಬಾಬಣ್ಣನ ಟೇಬಲ್ ಫ್ಯಾನು

ಸಂಶೋಧನೆಗೆ ಹೊಸದಾಗಿ ಸೇರಿದ ಮೂವರು ಮಕ್ಕಳು ಕಳೆದ ವಾರ ಬಂಟ್ವಾಳದ ನಮ್ಮ ಮನೆಗೆ ಬಂದಿದ್ದರು. ಸೋಫಾದ ತುದಿಯಲ್ಲಿ ಕುಳಿತು, ತಂದ ಪುಸ್ತಕ ತೆರೆದು, ಈ ಕ್ಷೇತ್ರದಲ್ಲಿ ಮೊದಲು ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳಿದರು. ನಾನು ನಿವೃತ್ತಳಾಗಿ ನಾಲ್ಕು ವರ್ಷವಾಯಿತು. ನಾನು ಕಲಿತ ಸಾಫ್ಟ್‌ವೇರುಗಳೆಲ್ಲ ನನಗಿಂತ ಮೊದಲೇ ನಿವೃತ್ತವಾಗಿವೆ. ಹಾಗಾಗಿ ಅವರಿಗೆ ಚಾ, ಗೋಳಿಬಜೆ ಕೊಟ್ಟು ಒಂದು ಟೇಬಲ್ ಫ್ಯಾನಿನ ಕತೆ ಹೇಳಿದೆ. ಮರ್ಯಾದೆಯ ಮಕ್ಕಳು, ಪೂರ್ತಿ ಕೇಳಿದರು. ಆದರೆ ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ. ಅದಕ್ಕೇ ನಾನು ಬರೆಯಲು ಕುಳಿತಿದ್ದೇನೆ.

ನಾನು ಕೆಲಸ ಮಾಡಿದ್ದು ಮೂಡುಬಿದಿರೆಯ ಹೊರಗೆ, ಗುಡ್ಡ ಕಡಿದು ಕಟ್ಟಿದ ಒಂದು ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಉಪನ್ಯಾಸಕಿಯಾಗಿ ಸೇರಿದೆ, ಪಾಠ ಮಾಡುತ್ತಲೇ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದೆ. ದೇಹದೊಳಗೆ ನಡೆಯುವುದನ್ನು ಅಳೆದು, ಆ ಅಂಕಿಗಳನ್ನು ಕಂಪ್ಯೂಟರಿಗೆ ಉಣಿಸಿ, ಡಾಕ್ಟರುಗಳಿಗೆ ಉಪಯೋಗವಾಗುವ ಏನನ್ನಾದರೂ ಹೊರಗೆ ತೆಗೆಯುವುದು ನಮ್ಮ ಕೆಲಸ. ಈಗ ಇದಕ್ಕೆ ಒಂದೂವರೆ ಸಾಲಿನ ಹೆಸರಿದೆ. ಆಗ ಊರಲ್ಲಿ ಯಾರಿಗೂ ಹೆಸರು ಗೊತ್ತಿಲ್ಲದ್ದರಿಂದ ನನ್ನ ಉಮ್ಮ ತಾವೇ ಒಂದು ಇಟ್ಟುಕೊಂಡಿದ್ದರು. ಯಾರು ಕೇಳಿದರೂ "ಮಗಳು ಹಾರ್ಟಿನ ಕಂಪ್ಯೂಟರಿನಲ್ಲಿದ್ದಾಳೆ" ಎನ್ನುತ್ತಿದ್ದರು. ಇದರ ಫಲವಾಗಿ ಮದುವೆ ಮನೆಗಳಲ್ಲಿ ನನ್ನ ಪಕ್ಕ ಕುಳಿತ ಹೆಂಗಸರು ಬಿರಿಯಾನಿ ಬರುವ ಮೊದಲೇ ಕೈ ಚಾಚಿ ನಾಡಿ ನೋಡಲು ಹೇಳುತ್ತಿದ್ದರು. ನಾನು ಅಂಥ ಡಾಕ್ಟರ್ ಅಲ್ಲ ಎಂದರೆ "ಗೊತ್ತುಂಟು, ಆದ್ರೂ ನೋಡು" ಎನ್ನುತ್ತಿದ್ದರು. ತಂದೆಯನ್ನು ನಾವು ಉಪ್ಪ ಎನ್ನುವುದು. ಉಪ್ಪನಿಗೆ ಪೇಟೆಯಲ್ಲಿ ಕೊಡೆ ಅಂಗಡಿ. ಅವರು ನನ್ನ ಓದಿಗೆ ಎಂದೂ ಅಡ್ಡ ಬಂದವರಲ್ಲ. ಪ್ರತಿ ವರ್ಷ ಮಳೆಗಾಲ ಶುರುವಾಗುವಾಗ ಒಮ್ಮೆ ಮಾತ್ರ, ನಿನ್ನದು ಈ ವರ್ಷ ಮುಗಿಯುತ್ತದಾ ಎಂದು ವಿಚಾರಿಸಿ ಸುಮ್ಮನಾಗುತ್ತಿದ್ದರು.

ನನ್ನ ಗೈಡ್ ಹೆಬ್ಬಾರ್ ಸರ್. ವಿಭಾಗದ ಮುಖ್ಯಸ್ಥರೂ ಅವರೇ. ಗಣಿತದಲ್ಲಿ ಅವರನ್ನು ಮೀರಿಸುವವರು ಜಿಲ್ಲೆಯಲ್ಲಿ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಆಗ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಒಂದು ದೊಡ್ಡ ಲೆಕ್ಕ ಮುಗಿಯಲು ಏಳೆಂಟು ತಾಸು ಹಿಡಿಯುತ್ತಿತ್ತು, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಆದ್ದರಿಂದ ಹೆಬ್ಬಾರ್ ಸರ್ ರಾಹುಕಾಲ ಕಳೆಯದೆ ಯಾವ ಲೆಕ್ಕವನ್ನೂ ಶುರು ಮಾಡಲು ಬಿಡುತ್ತಿರಲಿಲ್ಲ. "ನನಗೆ ಅದರಲ್ಲಿ ನಂಬಿಕೆ ಇಲ್ಲ ಝುಬೈದಾ," ಎಂದು ಮೊದಲ ದಿನವೇ ಹೇಳಿದ್ದರು, "ಆದ್ರೆ ಕರೆಂಟಿನವರಿಗೆ ಇರ್ಬಹುದಲ್ಲ?" ವಾರದ ಏಳು ದಿನಗಳ ರಾಹುಕಾಲವೂ ನನಗೆ ಈಗಲೂ ಬಾಯಿಪಾಠ. ಉಮ್ಮನಿಗೆ ಮಾತ್ರ ಈ ವಿಷಯ ಹೇಳಿರಲಿಲ್ಲ.

ಹೆಬ್ಬಾರ್ ಸರ್ ನಂತರ ಪ್ರಯೋಗಾಲಯದಲ್ಲಿ ಅಧಿಕಾರವಿದ್ದದ್ದು ಅಟೆಂಡರ್ ಬಾಬಣ್ಣನಿಗೆ. ವೇಣೂರು ಕಡೆಯವರು, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು. ಯಾವ ಯಂತ್ರ ಎಷ್ಟು ಬೆಲೆಯದು ಎಂಬ ಬಗ್ಗೆ ಅವರಿಗೆ ಆಸಕ್ತಿ ಇರಲಿಲ್ಲ. ಬಂದವರಿಗೆ ಉಪಚಾರ ಆಯಿತೇ ಎಂಬುದಷ್ಟೇ ಅವರ ಚಿಂತೆ. ವಿಶ್ವವಿದ್ಯಾಲಯದ ತಪಾಸಣೆಯವರೇ ಬರಲಿ, ಗ್ಯಾಸಿನವನೇ ಬರಲಿ, ಮೊದಲು ಬೆಲ್ಲ ಮತ್ತು ನೀರು, ಆಮೇಲೆ ಮಾತು. ಒಮ್ಮೆ ತಪಾಸಣೆಗೆ ಬಂದವರು ಕೊರತೆಗಳ ಪಟ್ಟಿ ಓದಲು ಹೊರಟಾಗ ಬಾಬಣ್ಣ ಎರಡನೆಯ ಸಲ ಬೆಲ್ಲ ತಂದರು. ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಕೊರತೆ ಓದುವುದು ಕಷ್ಟವೆಂದು ಅವತ್ತು ನಮಗೆಲ್ಲ ತಿಳಿಯಿತು.

ಇನ್ನು ನನ್ನ ಸಂಶೋಧನೆ. ಹೃದಯ ಲಬ್ ಡಬ್ ಎಂದು ಬಡಿಯುತ್ತದೆ. ಕೆಲವು ಮಕ್ಕಳಿಗೆ ಗಂಟಲು ನೋವು, ಜ್ವರ ಬಂದು ಹೋದ ಮೇಲೆ ಹೃದಯದ ಕವಾಟ ಕೆಡುತ್ತದೆ. ಆಗ ಲಬ್‌ಗೂ ಡಬ್‌ಗೂ ನಡುವೆ ಗಾಳಿ ಸುಯ್ಯೆಂದ ಹಾಗೆ ಇನ್ನೊಂದು ಸದ್ದು ಸೇರಿಕೊಳ್ಳುತ್ತದೆ. ಅದನ್ನು ಹಿಡಿಯಲು ಪಳಗಿದ ಕಿವಿ ಬೇಕು. ಬೆಳ್ತಂಗಡಿ ದಾಟಿ ಘಟ್ಟದ ಬುಡಕ್ಕೆ ಹೋದರೆ ಅಲ್ಲಿನ ಶಾಲೆಗಳ ಮಕ್ಕಳ ಎದೆಗೆ ಯಾರೂ ಕಿವಿ ಕೊಟ್ಟದ್ದಿರಲಿಲ್ಲ. ಆ ಸದ್ದನ್ನು ಕಂಪ್ಯೂಟರಿಗೇ ಕಲಿಸಿದರೆ ಡಾಕ್ಟರಿಲ್ಲದ ಊರಿನಲ್ಲಿ ಶಾಲೆಯ ಟೀಚರೇ ಪರೀಕ್ಷಿಸಬಹುದು ಎಂಬುದು ಮಡಂತ್ಯಾರಿನ ಡಾಕ್ಟರ್ ಲೋಬೊ ಅವರ ಆಸೆ. ಅದನ್ನು ಅವರು ಹೆಬ್ಬಾರ್ ಸರ್‌ಗೆ ಹೇಳಿದರು, ಸರ್ ನನ್ನ ತಲೆಗೆ ಕಟ್ಟಿದರು.

ಕಲಿಸುವ ಕ್ರಮ ಸರಳ. ರೋಗಿಗಳ ಎದೆಯ ಸದ್ದನ್ನೂ ಆರೋಗ್ಯವಂತರ ಎದೆಯ ಸದ್ದನ್ನೂ ಟೇಪಿನಲ್ಲಿ ಹಿಡಿದು, ಇದು ಕೆಟ್ಟದ್ದು, ಇದು ಒಳ್ಳೆಯದು ಎಂದು ಪ್ರೋಗ್ರಾಮಿಗೆ ತೋರಿಸುತ್ತ ಹೋಗುವುದು. ವ್ಯತ್ಯಾಸ ಯಾವುದು ಎಂದು ಅದೇ ಕಂಡುಕೊಳ್ಳಬೇಕು. ಬುಧವಾರ ಬುಧವಾರ ಡಾಕ್ಟರು ತಮ್ಮ ರೋಗಿಗಳನ್ನು ಜೀಪಿನಲ್ಲಿ ಮೂಡುಬಿದಿರೆಗೆ ಕರೆತರುತ್ತಿದ್ದರು. ಆರೋಗ್ಯವಂತರಿಗೆ ಎಲ್ಲಿಗೂ ಹೋಗಬೇಕಿರಲಿಲ್ಲ, ನಮ್ಮದೇ ಹಾಸ್ಟೆಲಿನ ಹುಡುಗ ಹುಡುಗಿಯರು ಶನಿವಾರ ಮಧ್ಯಾಹ್ನ ಸಾಲು ನಿಲ್ಲುತ್ತಿದ್ದರು. ಸ್ಟೆತೊಸ್ಕೋಪಿನ ರಬ್ಬರು ನಳಿಗೆಯೊಳಗೆ ಸಣ್ಣ ಮೈಕು ಸಿಕ್ಕಿಸಿ ನಾನೇ ಒಂದು ಸಾಧನ ಮಾಡಿದ್ದೆ. ಅದರ ಬಗ್ಗೆ ನನಗೆ ಬಹಳ ಹೆಮ್ಮೆ. ಟೇಪಿನಿಂದ ಸದ್ದು ತಂತಿಯಲ್ಲಿ ಹಾದು ಸೀದಾ ಕಂಪ್ಯೂಟರಿಗೆ ಹೋಗಿ, ಪರದೆಯ ಮೇಲೆ ಅಲೆಅಲೆಯಾಗಿ ಕಾಣಿಸುತ್ತಿತ್ತು. ಮೂರು ವರ್ಷ ನಾವು ಆ ಅಲೆಗಳನ್ನು ನೋಡಿದೆವು.

ಫಲಿತಾಂಶ ಬಂದ ದಿನ ಹೆಬ್ಬಾರ್ ಸರ್ ತಾವೇ ಕ್ಯಾಂಟೀನಿಗೆ ಹೋಗಿ ಎಲ್ಲರಿಗೂ ಬನ್ಸ್ ಹೇಳಿದರು, ಅಂಥದ್ದು ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಪ್ರೋಗ್ರಾಮು ಹಿಂದೆಂದೂ ಕೇಳದ ಟೇಪುಗಳನ್ನು ಕೊಟ್ಟರೂ ಒಂದೆರಡು ಬಿಟ್ಟು ಎಲ್ಲವನ್ನೂ ಸರಿಯಾಗಿ ಹೇಳುತ್ತಿತ್ತು. ಹೊರದೇಶಗಳ ದೊಡ್ಡ ಪ್ರಯೋಗಾಲಯಗಳಲ್ಲೂ ಅಷ್ಟು ಸರಿಯಾಗಿ ಬಂದಿರಲಿಲ್ಲ. ಅವರಿಗೆ ಆಗದ್ದು ನಮಗೆ ಹೇಗಾಯಿತು ಎಂಬ ಪ್ರಶ್ನೆ ಯಾರಾದರೂ ಕೇಳಬೇಕಿತ್ತು. ಬನ್ಸ್ ಬಿಸಿ ಇತ್ತು, ಕೇಳಲಿಲ್ಲ. ನನ್ನ ಪ್ರಬಂಧ ಟೈಪಾಗತೊಡಗಿತು. ಅದು ಆಗಲೇಬೇಕಿತ್ತು, ಯಾಕೆಂದರೆ ನನ್ನ ನೋಂದಣಿಗೆ ಉಳಿದದ್ದು ಆರು ತಿಂಗಳು. ಅಷ್ಟರೊಳಗೆ ಒಪ್ಪಿಸದಿದ್ದರೆ ನೋಂದಣಿ ರದ್ದು, ಐದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಪ್ರಬಂಧದ ಕೊನೆಯ ಅಧ್ಯಾಯಕ್ಕೆ ಒಂದು ಶಾಲೆಯ ಶಿಬಿರ ಬೇಕಿತ್ತು. ಡಾಕ್ಟರ್ ಲೋಬೊ ಮುಂಡಾಜೆಯ ಆಚೆ ಒಂದು ಶಾಲೆಯಲ್ಲಿ ಏರ್ಪಾಡು ಮಾಡಿದರು. ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ವ್ಯಾನಿನಲ್ಲಿ ಹೋದೆ. ಹೆಡ್‌ಮಾಸ್ಟರ ಕೋಣೆಯಲ್ಲಿ ಒಂದು ಬಲ್ಬು, ಒಂದು ಪ್ಲಗ್ಗು, ಅಷ್ಟೇ. ಮಕ್ಕಳು ಒಬ್ಬೊಬ್ಬರಾಗಿ ಬಂದರು, ಎಲ್ಲರ ಎದೆಯ ಸದ್ದನ್ನೂ ಟೇಪಿನಲ್ಲಿ ಹಿಡಿದೆ. ನನ್ನ ಯಂತ್ರ ಎಲ್ಲರಿಗೂ ಹಸಿರು ಅಕ್ಷರದಲ್ಲಿ ನಾರ್ಮಲ್ ಎಂದು ಬರೆಯಿತು. ಪಕ್ಕದಲ್ಲಿ ಡಾಕ್ಟರು ತಮ್ಮ ಹಳೆಯ ಸ್ಟೆತೊಸ್ಕೋಪಿನಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಏಳನೆಯ ಕ್ಲಾಸಿನ ಪ್ರಮೀಳಾ ಎಂಬ ಹುಡುಗಿಯ ಎದುರು ಅವರು ಬಹಳ ಹೊತ್ತು ಕುಳಿತರು.

"ಇವಳಲ್ಲಿ ಒಂದು ಸದ್ದು ಉಂಟು ಝುಬೈದಾ."

ನಾನು ಮತ್ತೊಮ್ಮೆ ಮೈಕು ಇಟ್ಟೆ. ಮತ್ತೆ ನಾರ್ಮಲ್. ಮೂರನೆಯ ಸಲವೂ ಹಾಗೆಯೇ. ಆಗ ನಾನು ಆಡಿದ ಮಾತು ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. "ಇದು ಅಷ್ಟು ಹೃದಯ ಕೇಳಿ ಕಲಿತದ್ದು ಡಾಕ್ಟ್ರೇ. ನಿಮಗೆ ಬೆಳಗ್ಗಿನಿಂದ ಕೂತು ಆಯಾಸ ಆಗಿರ್ಬಹುದು."

ಅವರಿಗೆ ಸಿಟ್ಟು ಬರಲಿಲ್ಲ. "ಆಗಿರ್ಬಹುದು. ಆದ್ರೂ ಮಗುವನ್ನು ಮಂಗಳೂರಿಗೆ ಕಳಿಸುವ. ನನ್ನ ಕಿವಿ ತಪ್ಪಿದ್ರೆ ಅವಳಿಗೆ ಒಂದು ದಿನದ ಶಾಲೆ ಹೋಗ್ತದೆ. ನಿಮ್ಮ ಮಷಿನ್ ತಪ್ಪಿದ್ರೆ ಹೋಗುದು ಬೇರೆ."

ವಾರ ಕಳೆದು ಅವರ ಫೋನು ಬಂತು. ಪ್ರಮೀಳಾಳ ಕವಾಟ ಕೆಟ್ಟಿತ್ತು. ಸಕಾಲಕ್ಕೆ ಗೊತ್ತಾಯಿತು, ಔಷಧ ಶುರುವಾಗಿದೆ, ಹೆದರುವಂಥದ್ದು ಇಲ್ಲ ಎಂದರು. ಅವರು ನನ್ನ ಯಂತ್ರವನ್ನು ನಂಬಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ನನಗೆ ಧೈರ್ಯ ಬರಲಿಲ್ಲ. ಫೋನಿಡುವ ಮೊದಲು ಅವರು ಒಂದು ಸಣ್ಣ ಪ್ರಶ್ನೆ ಕೇಳಿದರು. ಆ ಟೇಪುಗಳನ್ನು ನೀವು ಒಮ್ಮೆಯಾದರೂ ಕಿವಿಯಲ್ಲಿ ಕೇಳಿದ್ದೀರಾ ಎಂದು.

ಕೇಳಿರಲಿಲ್ಲ. ಹೃದಯದ ಸದ್ದಿನ ಮೇಲೆ ಐದು ವರ್ಷ ಸಂಶೋಧನೆ ಮಾಡಿದ ನಾನು ಸದ್ದನ್ನು ನೋಡಿದ್ದೆ, ಕೇಳಿರಲಿಲ್ಲ. ಮರುದಿನ ಮನೆಯಿಂದ ಉಪ್ಪನ ಟೇಪ್ ರೆಕಾರ್ಡರನ್ನು ತಂದು, ಹೆಬ್ಬಾರ್ ಸರ್ ಎದುರಿಗೆ ರೋಗಿಗಳ ಟೇಪುಗಳನ್ನು ಒಂದೊಂದಾಗಿ ಹಾಕಿದೆ. ಲಬ್ ಡಬ್ ಕೇಳಿಸಿತು. ಅದರ ಹಿಂದೆ ಏರುತ್ತ ಇಳಿಯುತ್ತ ಒಂದು ಸುಯ್ಯೆನ್ನುವ ಸದ್ದು. ನಡುನಡುವೆ ಟಕ್. ಎರಡನೆಯ ರೋಗಿಯಲ್ಲೂ ಟಕ್. ಮೂರನೆಯವರಲ್ಲೂ. ಹೆಬ್ಬಾರ್ ಸರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಕೈಗಡಿಯಾರ ನೋಡಿಕೊಂಡು ಎರಡು ಟಕ್‌ಗಳ ನಡುವಿನ ಸಮಯ ಬರೆದರು. ಎಲ್ಲ ರೋಗಿಗಳಲ್ಲೂ ಒಂದೇ ಅಂತರ. ಅವರ ಕಣ್ಣು ಹೊಳೆಯತೊಡಗಿತು. ಇದನ್ನು ಈವರೆಗೆ ಯಾರೂ ಗಮನಿಸಿಲ್ಲ ಎಂದು ಹೇಳಿ ಬೋರ್ಡಿನ ಮೇಲೆ ಸಮೀಕರಣ ಬರೆಯಲು ಎದ್ದರು. ಎರಡು ಸಾಲು ಆಗಿತ್ತು. ಅಷ್ಟರಲ್ಲಿ ಬಾಬಣ್ಣ ಚಾ ತಂದರು. ತಟ್ಟೆ ಹಿಡಿದು ಅಲ್ಲೇ ನಿಂತು ಕೇಳಿದರು.

"ಇದು ನಮ್ಮ ಫ್ಯಾನಲ್ವಾ ಮೇಡಂ? ಎಡಕ್ಕೆ ತಿರುಗುವಾಗ ಹೀಗೇ ಟಕ್ ಅಂತದೆ."

ಹೆಬ್ಬಾರ್ ಸರ್ ಸೀಮೆಸುಣ್ಣ ಕೆಳಗಿಟ್ಟರು. ನಾನು ಹಾಸ್ಟೆಲ್ ಮಕ್ಕಳ ಟೇಪು ಹಾಕಿದೆ. ಬರೇ ಲಬ್ ಡಬ್. ಸುಯ್ಯಿಲ್ಲ, ಟಕ್ ಇಲ್ಲ. ಬಾಬಣ್ಣನನ್ನು ಕೇಳಿದೆವು. ಅವರು ಬಹಳ ಸಹಜವಾಗಿ ವಿವರಿಸಿದರು. ಬುಧವಾರ ಬರುವವರು ಹುಷಾರಿಲ್ಲದವರು, ದೂರದಿಂದ ಜೀಪಿನಲ್ಲಿ ಕುಲುಕಿಕೊಂಡು ಬಂದವರು, ಪಾಪ. ಅವರಿಗೆ ಬೆಲ್ಲ ನೀರು ಕೊಟ್ಟು ಪಕ್ಕದಲ್ಲಿ ಟೇಬಲ್ ಫ್ಯಾನು ಇಡುತ್ತಿದ್ದರು. ಶನಿವಾರದವರು ಕಲ್ಲು ತಿಂದು ಕಲ್ಲು ಕರಗಿಸುವ ಹಾಸ್ಟೆಲಿನ ಮಕ್ಕಳು. ಅವರಿಗೆ ಫ್ಯಾನು ಎಂತಕ್ಕೆ? ಆಫ್ ಮಾಡಿ ಇಡುತ್ತಿದ್ದರು. ಮೂರು ವರ್ಷ, ಒಂದು ವಾರವೂ ತಪ್ಪದೆ.

ನಮ್ಮ ಪ್ರೋಗ್ರಾಮು ಹೃದಯದ ಕಾಯಿಲೆಯನ್ನು ಕಂಡುಹಿಡಿದಿರಲಿಲ್ಲ, ಬಾಬಣ್ಣನ ಉಪಚಾರವನ್ನು ಕಂಡುಹಿಡಿದಿತ್ತು. ಫ್ಯಾನಿದ್ದರೆ ರೋಗಿ, ಇಲ್ಲದಿದ್ದರೆ ಆರೋಗ್ಯವಂತ. ಮುಂಡಾಜೆಯ ಶಾಲೆಯಲ್ಲಿ ಫ್ಯಾನೇ ಇರಲಿಲ್ಲ, ಹಾಗಾಗಿ ಅಲ್ಲಿನವರೆಲ್ಲ ಗಟ್ಟಿಮುಟ್ಟು.

ವಿಷಯ ಪೂರ್ತಿ ಅರ್ಥವಾದಾಗ ಬಾಬಣ್ಣನ ಮುಖ ಬಾಡಿತು. "ನನ್ನಿಂದ ನಿಮ್ಮ ಓದು ಹಾಳಾಯ್ತಲ್ಲ ಮೇಡಂ" ಎಂದರು. ಇಲ್ಲ ಎನ್ನಬೇಕಿತ್ತು. ನಾನು ಟೇಪುಗಳನ್ನು ಕಪಾಟಿಗೆ ತುಂಬತೊಡಗಿದೆ. ಆ ಕೋಣೆಯಲ್ಲಿ ಅದೇ ಫ್ಯಾನಿನ ಗಾಳಿಯಲ್ಲಿ ಮೂರು ವರ್ಷ ಕುಳಿತವಳು ನಾನು, ಒಮ್ಮೆಯೂ ವಿಚಾರಿಸದವಳು ನಾನು. ಆದರೂ ಅವತ್ತು ನನಗೆ ಅವರ ಮೇಲೆಯೇ ಸಿಟ್ಟು ಬಂದಿತ್ತು. ಮರುದಿನ ಬೆಳಗ್ಗೆ ನೋಡಿದರೆ ಅವರು ಫ್ಯಾನಿಗೆ ಹಳೆಯ ಬಟ್ಟೆ ಸುತ್ತಿ, ಹಗ್ಗ ಕಟ್ಟಿ, ಸ್ಟೋರ್ ಕೋಣೆಯ ಮೂಲೆಯಲ್ಲಿ ಇಟ್ಟಿದ್ದರು. ಬಿಚ್ಚಿ ಎಂದು ನಾನೂ ಹೇಳಲಿಲ್ಲ, ಅವರೂ ಬಿಚ್ಚಲಿಲ್ಲ.

ಇಲ್ಲಿ ಮಕ್ಕಳು ಸ್ವಲ್ಪ ಗಮನವಿಟ್ಟು ಓದಬೇಕು. ಈ ಸಂಗತಿ ಗೊತ್ತಿದ್ದದ್ದು ನಾಲ್ವರಿಗೆ, ಡಾಕ್ಟರನ್ನೂ ಸೇರಿಸಿ. ಟೇಪುಗಳಿದ್ದದ್ದು ನಮ್ಮದೇ ಕಪಾಟಿನಲ್ಲಿ. ಮುಂಡಾಜೆಯ ಅಧ್ಯಾಯವೊಂದನ್ನು ಬಿಟ್ಟರೆ ಪ್ರಬಂಧ ಸುಂದರವಾಗಿತ್ತು, ಪರೀಕ್ಷಕರಿಗೆ ತಿಳಿಯುವ ದಾರಿ ಇರಲಿಲ್ಲ. ಸಿದ್ದಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಹೋಗುವ ಬಸ್ಸಿನಲ್ಲಿ ಎರಡು ದಿನ ನಾನು ಇದನ್ನೇ ಯೋಚಿಸಿದೆ. ಒಪ್ಪಿಸಿಬಿಡುವ, ಡಿಗ್ರಿ ಬಂದ ಮೇಲೆ ಸರಿ ಮಾಡುವ ಎಂದು ಮನಸ್ಸು ಬಹಳ ನಯವಾಗಿ ಮಾತಾಡುತ್ತಿತ್ತು. ಮೂರನೆಯ ದಿನ ಬೆಳಗ್ಗೆ ಕೆಲಸಕ್ಕೆ ಬರುವಾಗ ಶಾಲೆಯ ಯೂನಿಫಾರ್ಮಿನ ಹುಡುಗಿಯೊಬ್ಬಳು ಓಡಿ ಬಂದು ಬಸ್ಸು ಹತ್ತಿ, ಎದುರು ಸೀಟಿನಲ್ಲಿ ಕುಳಿತು ಏದುಸಿರು ಬಿಡುತ್ತಿದ್ದಳು. ಓಡಿದ ಯಾರಿಗಾದರೂ ಬರುವ ಉಸಿರೇ ಅದು, ಕವಾಟ ಕೆಟ್ಟವರದ್ದಲ್ಲ. ಆದರೂ ನಾನು ಮೂಡುಬಿದಿರೆ ಬರುವವರೆಗೆ ಆ ಹುಡುಗಿಯ ಮುಖ ನೋಡಲಾಗದೆ ಕಿಟಕಿಯ ಹೊರಗೆ ನೋಡುತ್ತಿದ್ದೆ. ಇಳಿದವಳೇ ಹೆಬ್ಬಾರ್ ಸರ್ ಕೋಣೆಗೆ ಹೋಗಿ, ಪ್ರಬಂಧ ಒಪ್ಪಿಸುವುದಿಲ್ಲ ಎಂದೆ.

ಅವಧಿ ವಿಸ್ತರಿಸಲು ಗೈಡೇ ಕಾರಣ ಬರೆದು ವಿಶ್ವವಿದ್ಯಾಲಯಕ್ಕೆ ಪತ್ರ ಕೊಡಬೇಕು. ಹೆಬ್ಬಾರ್ ಸರ್ ಪತ್ರ ಬರೆಯುವುದೆಂದರೆ ಒಂದು ಯಜ್ಞ. ಗುಮಾಸ್ತರ ರಜೆ ಅರ್ಜಿಗೂ ಮೂರು ಕರಡು ಆಗುತ್ತಿತ್ತು. ಅಲ್ಲದೆ ಈ ತಪ್ಪು ಹೊರಬಿದ್ದರೆ ನಗೆಪಾಟಲಾಗುವುದು ನನಗಿಂತ ಹೆಚ್ಚು ಅವರೇ. ಬೋರ್ಡಿನ ಮೇಲೆ ಆ ಎರಡು ಸಾಲಿನ ಸಮೀಕರಣ ಇನ್ನೂ ಇತ್ತು, ಒರೆಸಲು ಅವರು ಬಿಟ್ಟಿರಲಿಲ್ಲ. ಒಂದು ಹಾಳೆ ತೆಗೆದು ಎರಡೇ ವಾಕ್ಯ ಬರೆದು ನನಗೆ ಕೊಟ್ಟರು. ಅಳತೆಯ ಕ್ರಮದಲ್ಲಿ ತಪ್ಪಾಗಿದೆ, ಅದು ಮಾರ್ಗದರ್ಶಕನಾದ ನನ್ನ ಗಮನಕ್ಕೆ ಬರಬೇಕಿತ್ತು. ವಿದ್ಯಾರ್ಥಿನಿಗೆ ಎರಡು ವರ್ಷ ಬೇಕು. ನಾನು ಓದುತ್ತಿದ್ದಾಗ ಅವರು ಗಡಿಯಾರ ನೋಡಿ, "ಈಗಲೇ ಕಳಿಸಿ. ರಾಹುಕಾಲವಾದ್ರೂ ಅಡ್ಡಿಯಿಲ್ಲ" ಎಂದರು.

ಎಲ್ಲವನ್ನೂ ಹೊಸದಾಗಿ ಶುರು ಮಾಡಿದೆವು. ಡಾಕ್ಟರ ಜೀಪು ಮತ್ತೆ ಬುಧವಾರಗಳಲ್ಲಿ ಬಂತು. ಟೇಪು ಓಡುವಾಗ ಕೋಣೆಯಲ್ಲಿ ಯಾವ ಸದ್ದೂ ಇರಕೂಡದು. ಆದರೆ ರೋಗಿಗಳನ್ನು ಸೆಕೆಯಲ್ಲಿ ಕೂರಿಸುವುದು ತನ್ನಿಂದ ಆಗುವುದಿಲ್ಲ ಎಂದು ಬಾಬಣ್ಣ ಹಟ ಹಿಡಿದು, ಮನೆಯಿಂದ ಅಡಿಕೆ ಹಾಳೆಯ ಬೀಸಣಿಗೆ ತಂದರು. ಸದ್ದಿಲ್ಲದೆ ಬೀಸುವುದನ್ನು ಅಭ್ಯಾಸ ಮಾಡಿದ್ದರು. ಒಂದು ಸಲ ಸುಟ್ಟುಕೊಂಡಿದ್ದ ಹೆಬ್ಬಾರ್ ಸರ್, ಹಾಗಾದರೆ ಆರೋಗ್ಯವಂತರಿಗೂ ಅಷ್ಟೇ ಬೀಸಬೇಕು, ಒಂದು ಬೀಸು ಹೆಚ್ಚಿಲ್ಲ, ಕಡಿಮೆಯಿಲ್ಲ ಎಂದು ಆಜ್ಞೆ ಮಾಡಿದರು. ವಾಲಿಬಾಲ್ ಆಡುವ ದಾಂಡಿಗ ಹುಡುಗರಿಗೆ ಬೀಸಣಿಗೆ ಹಾಕುತ್ತ ನಿಂತ ಬಾಬಣ್ಣನ ಮುಖವನ್ನು ನೀವು ನೋಡಬೇಕಿತ್ತು.

ಹೊಸ ಪ್ರೋಗ್ರಾಮು ಹಳೆಯದರಷ್ಟು ಜಾಣ ಆಗಲಿಲ್ಲ. ಆಗಾಗ ತಪ್ಪುತ್ತಿತ್ತು, ಕೆಲವೊಮ್ಮೆ ಸುಮ್ಮನೆ ಹೆದರಿಸುತ್ತಿತ್ತು. ಅದಕ್ಕೆ ಯಾರೂ ಬನ್ಸ್ ಹೇಳಲಿಲ್ಲ. ಕೊನೆಗೊಂದು ದಿನ ಮುಂಡಾಜೆಯ ಹಳೆಯ ಟೇಪು ಹಾಕಿದೆವು. ನಾರ್ಮಲ್, ನಾರ್ಮಲ್ ಎಂದು ಸಾಲು ಇಳಿಯುತ್ತ ಬಂದು, ಪ್ರಮೀಳಾಳ ಹೆಸರಿನ ಎದುರು ಕೆಂಪು ಅಕ್ಷರ ಬಂತು. ನಾನು ಅತ್ತುಬಿಟ್ಟೆ. ಅದನ್ನು ಮರೆಸಲು ಶೀತ ಎಂದೆ.

ಹೊಸ ಶತಮಾನ ಬಂದ ಮೇಲೆ, ಒಂದು ಮೇ ತಿಂಗಳಲ್ಲಿ ನನ್ನ ಮೌಖಿಕ ಪರೀಕ್ಷೆ ನಡೆಯಿತು. ಉತ್ತರ ಭಾರತದಿಂದ ಬಂದ ಪರೀಕ್ಷಕರು ವಯಸ್ಸಾದವರು, ಹಿಂದೆ ಬೆಂಗಳೂರಿನಲ್ಲಿ ಇದ್ದವರಾದ್ದರಿಂದ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ಸೆಕೆಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಆ ಕೋಣೆಗೆ ಸೀಲಿಂಗ್ ಫ್ಯಾನು ಇರಲಿಲ್ಲ. ಬೆಲ್ಲ ನೀರು ಕೊಟ್ಟ ಬಾಬಣ್ಣ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಪರೀಕ್ಷಕರು ಸಮೀಕರಣಗಳ ಪುಟಗಳನ್ನು ಬೇಗ ಮಗುಚಿ, ನಾನು ಫ್ಯಾನಿನ ಬಗ್ಗೆ ಬರೆದಿದ್ದ ಅಧ್ಯಾಯದಲ್ಲಿ ನಿಂತರು. ಆ ತಪ್ಪು ಯಾರದೆಂದು ಇಂಗ್ಲಿಷಿನಲ್ಲಿ ಕೇಳಿದರು. ನಿಮ್ಮ ಅಟೆಂಡರರದ್ದಾ ಎಂದು ಮುಗುಳ್ನಕ್ಕು ಸೇರಿಸಿದರು.

ನಾನು ಬಾಗಿಲ ಕಡೆ ನೋಡಿ ಕನ್ನಡದಲ್ಲೇ ಉತ್ತರ ಕೊಟ್ಟೆ. "ಅಲ್ಲ ಸರ್. ಅವರು ಮಾಡಿದ್ದು ಸರಿಯೇ. ಕೇಳದೆ ಕೂತದ್ದು ನಾನು."

ಬಾಬಣ್ಣ ಅಲ್ಲಿಂದ ಹೊರಟುಹೋದರು. ತಿರುಗಿ ಬಂದಾಗ ಕೈಯಲ್ಲಿ ಆ ಫ್ಯಾನು, ಬಟ್ಟೆ, ಹಗ್ಗ ಸಮೇತ. ಹಗ್ಗ ಬಿಚ್ಚಿ, ಧೂಳು ಒರೆಸಿ, ಪ್ಲಗ್ಗು ಹಾಕಿದರು. ಮತ್ತೆ ಮೇಜಿನ ಈ ಕಡೆ ನನ್ನನ್ನು, ಆ ಕಡೆ ಪರೀಕ್ಷಕರನ್ನು, ಹೆಬ್ಬಾರ್ ಸರನ್ನು ನೋಡಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೇಳಿದರು.

"ಯಾರಿಗೆ ಹಾಕುದು ಮೇಡಂ?"

"ಎಲ್ಲರಿಗೂ ಹಾಕಿ ಬಾಬಣ್ಣ."

ಫ್ಯಾನು ನಿಧಾನಕ್ಕೆ ಬಲಕ್ಕೆ ಹೋಗಿ ಎಡಕ್ಕೆ ತಿರುಗಿತು, ಟಕ್ ಎಂದಿತು. ಪರೀಕ್ಷಕರು ಪುಟದಿಂದ ತಲೆಯೆತ್ತಿದರು.